ನೇರಳೆಗೆ ಎಷ್ಟು ವೋಲ್ಟು

ಬಣ್ಣಗಾರನ ಮಗಳು ಒಂದು ಮಾತು ಆಡಿಬಿಟ್ಟಳು. ಆಡಿದ್ದು ಗೋಡೆಯ ಕಡೆ ಮುಖ ಮಾಡಿಕೊಂಡು, ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡು. ಆಡಿದವಳಿಗೆ ಆಮೇಲೆ ಅದು ನೆನಪಿತ್ತೋ ಇಲ್ಲವೋ, ಕೇಳಿಸಿಕೊಂಡವನಿಗೆ ಮಾತ್ರ ಆವತ್ತಿನಿಂದ ಊಟ ಸೇರಲಿಲ್ಲ.

"ನೀನು ಬಣ್ಣ ಹಾಕೋನಲ್ವಾ ಅಪ್ಪ? ಆ ಪೈಪಿಗೂ ಹಾಕು ನೋಡೋಣ. ನೇರಳೆ ಬಣ್ಣ. ಅದು ನೇರಳೆ ಆದ ದಿನ ಹಾಕ್ಕೊಳ್ತೀನಿ. ಅಲ್ಲೀವರೆಗೂ ನನ್ನ ತಲೆ ತಿನ್ಬೇಡಿ."

ಪೈಪು ಅಂದರೆ ಅವಳ ಕಾಲು. ಹದಿಮೂರರ ಹುಡುಗಿ. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ ಅಂತ ಮನೆಯಲ್ಲಿ ಎಲ್ಲರೂ ಅವಳನ್ನು ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಮೂಳೆಯೊಳಗೆ ಗೆಡ್ಡೆ ಎದ್ದಿತು. ಔಷಧಿ ಏರಿಸಿದರು, ಕೂದಲು ಉದುರಿತು, ತೂಕ ಇಳಿಯಿತು, ಅದೂ ಸಾಲದೆ ಕೊನೆಗೆ ಮಂಡಿಯಿಂದ ಕೆಳಗೆ ತೆಗೆದು ಜೀವ ಉಳಿಸಿದರು. ಅದಾದ ಮೇಲೆ ಗಿರಗಿಟ್ಲೆ ಎಂಬ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ.

ಹೊಸ ಕಾಲು ಸಿದ್ಧವಾಗಿ ಮನೆಗೆ ಬಂದಿತ್ತು. ಮೇಲೆ ಮೊಂಡುಗಾಲು ಕೂರುವ ಬಟ್ಟಲು, ಕೆಳಗೆ ರಬ್ಬರಿನ ಪಾದ, ನಡುವೆ ಟೈಟೇನಿಯಮ್ಮಿನ ಕೊಳವೆ. ಹಗುರ, ಗಟ್ಟಿ, ತುಕ್ಕು ಹಿಡಿಯದ ಸಾಮಾನು. ಹುಡುಗಿ ಅದನ್ನು ಒಂದು ಸಲ ನೋಡಿ "ನಲ್ಲಿ ಪೈಪು" ಅಂದಳು, ಅಷ್ಟೇ. ಅಂದಿನಿಂದ ಅದು ಬೀರುವಿನ ಮೇಲೆ ಡಬ್ಬದಲ್ಲಿ ಕೂತಿತ್ತು. ಅಮ್ಮ ಗೋಗರೆದಳು, ಅಪ್ಪ ದಮ್ಮಯ್ಯ ಅಂದ, ಏನೂ ನಡೆಯಲಿಲ್ಲ. ಹುಡುಗಿ ಮಂಡಿ ಮಡಚಿಕೊಂಡು ಗೋಡೆ ನೋಡುತ್ತಾ ಮಲಗಿಬಿಟ್ಟಳು.

ಆ ಮಂಡಿಯದೇ ಎಲ್ಲರಿಗೂ ಭಯ. ಕಾಲು ಮಾಡಿಕೊಟ್ಟವರನ್ನು ಸುತ್ತಮುತ್ತಲಿನವರು ಕಾಲಿನ ಮೇಷ್ಟ್ರು ಎನ್ನುತ್ತಿದ್ದರು. ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು: "ಮಡಚಿಕೊಂಡೇ ಇದ್ರೆ ಮಂಡಿ ಹಾಗೇ ಬಿಗಿದುಕೊಂಡುಬಿಡುತ್ತೆ ಕಣ್ರೀ. ಆಮೇಲೆ ಚಿನ್ನದ ಕಾಲು ತಂದುಕೊಟ್ರೂ ನಿಲ್ಲೋಕಾಗಲ್ಲ. ಬೇಗ ನಿಲ್ಲಿಸಿ."

ಈ ಅಪ್ಪಂದಿರೇ ಹೀಗೆ. ಅಳು ಎದುರಿಗೆ ಬಂದರೆ ಓಡಿಹೋಗುತ್ತಾರೆ, ಕೆಲಸ ಎದುರಿಗೆ ಬಂದರೆ ಎದೆಯೊಡ್ಡುತ್ತಾರೆ. ಮಗಳು ಅಳುವುದನ್ನು ಹೇಗೆ ನಿಲ್ಲಿಸಬೇಕೋ ಬಣ್ಣಗಾರನಿಗೆ ತಿಳಿದಿರಲಿಲ್ಲ. ಆದರೆ ನೇರಳೆ ಬಣ್ಣ? ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವನ ಕೂದಲು ನರೆತಿತ್ತು. ಅವನ ಉಗುರಿನ ಸಂದಿಯ ಬಣ್ಣ ಯಾವ ಸೋಪಿಗೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ನೇರಳೆ ಅವನಿಗೆ ನೀರು ಕುಡಿದಷ್ಟು ಸುಲಭ.

ಮೇಷ್ಟ್ರ ಹತ್ತಿರ ಹೋಗಿ ಕೊಳವೆಯೊಂದನ್ನೇ ಬಿಚ್ಚಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದ. ಕುದಿಯುವ ತೊಟ್ಟಿಯಲ್ಲಿ ಮುಳುಗಿಸಿದ. ತೆಗೆದಾಗ ನೇರಳೆಯೇ, ಸಂದೇಹವಿಲ್ಲ. ನಲ್ಲಿಯ ಕೆಳಗೆ ಹಿಡಿದ, ಅಷ್ಟೂ ಬಣ್ಣ ತೊಳೆದುಕೊಂಡು ಹೋಯಿತು. ಮತ್ತೆ ಮುಳುಗಿಸಿದ. ಮತ್ತೆ ಹೋಯಿತು.

"ಏನಣ್ಣಾ, ಪೈಪಿಗೂ ಬಣ್ಣ ಹಾಕೋ ಆರ್ಡರ್ ಬಂತಾ?" ಎಂದು ಪಕ್ಕದ ತೊಟ್ಟಿಯವನು ನಕ್ಕ. ಇದು ನನ್ನ ಮಗಳ ಕಾಲು ಕಣೋ ಅನ್ನಬೇಕೆಂದುಕೊಂಡ. ಬಾಯಿ ಬರಲಿಲ್ಲ. ಅವನೂ ಹ್ಹೆ ಹ್ಹೆ ಎಂದು ನಕ್ಕು ಕೊಳವೆಯನ್ನು ಒರೆಸಿ ಸುತ್ತಿಟ್ಟುಕೊಂಡ.

ಮತ್ತೆ ಹೋಗಿ ನಡೆದದ್ದನ್ನು ಹೇಳಿದಾಗ ಮೇಷ್ಟ್ರಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. "ಅಲ್ರೀ, ಟೈಟೇನಿಯಮ್ಮಿಗೆ ಬಣ್ಣ ಹಚ್ಚೋದಲ್ಲ, ಏಳಿಸೋದು. ಸೋಡಾ ಪುಡಿ ಕದಡಿದ ನೀರಲ್ಲಿ ಮುಳುಗಿಸಿ ಕರೆಂಟ್ ಕೊಟ್ರೆ ಅದರ ಮೈ ಮೇಲೆ ತೆಳ್ಳಗೆ ಒಂದು ಪದರ ಏಳುತ್ತೆ. ಪದರ ಎಷ್ಟು ದಪ್ಪವೋ ಅದಕ್ಕೆ ತಕ್ಕ ಬಣ್ಣ ಕಾಣುತ್ತೆ. ಎಷ್ಟು ವೋಲ್ಟ್ ಕೊಡ್ತೀರೋ ಅಷ್ಟು ದಪ್ಪ. ಮೂಳೆಗೆ ಹಾಕೋ ಸ್ಕ್ರೂ ನೋಡಿಲ್ವಾ, ಒಂದೊಂದು ಅಳತೆಗೆ ಒಂದೊಂದು ಬಣ್ಣ? ಎಲ್ಲಾ ಹೀಗೇ ಮಾಡೋದು."

"ನೀವೇ ಮಾಡಿಕೊಡಿ ಮೇಷ್ಟ್ರೇ."

"ನನ್ನ ಹತ್ರ ಆ ಮೆಷಿನ್ ಇಲ್ಲಪ್ಪ. ಹೊರಗೆ ಕಳಿಸಿದ್ರೆ ಯಾವಾಗ ಬರುತ್ತೋ ಯಾರಿಗೆ ಗೊತ್ತು. ಅಷ್ಟು ದಿನ ನಿಮ್ಮ ಮಗಳ ಮಂಡಿ ಕಾಯಲ್ಲ." ಅವರು ಕೊಳವೆ ಕತ್ತರಿಸಿದಾಗ ಉಳಿದಿದ್ದ ತುಣುಕೊಂದನ್ನು ಹುಡುಕಿ ಕೊಟ್ಟರು. "ಇದರ ಮೇಲೆ ಮೊದಲು ನೋಡಿ. ಇನ್ನೊಂದು ವಿಷಯ, ಕೊಳವೆನ ಉಪ್ಪುಕಾಗದದಲ್ಲಿ ಉಜ್ಜಬೇಡಿ. ಗೀರು ಬಿದ್ದ ಕಡೆ ಬಿರುಕು ಬಿಡುತ್ತೆ. ಹುಡುಗಿ ಭಾರ ಅದರ ಮೇಲಿರುತ್ತೆ, ನೆನಪಿರಲಿ."

ಬಣ್ಣಗಾರ ಅಲ್ಲಿಂದ ನೇರ ಹೆಂಡತಿಯ ತಮ್ಮನ ಅಂಗಡಿಗೆ ಹೋದ. ಭಾವಮೈದ ಟಿವಿ, ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಬಾಯಿ ಜೋರು, ಮನಸ್ಸು ಮೆತ್ತಗೆ. ಅಕ್ಕನ ಮಗಳೆಂದರೆ ಜೀವ. ವಿಷಯ ಕೇಳಿದ್ದೇ ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟ.

"ಕರೆಂಟೇ ತಾನೇ? ಗೋಡೆ ಪ್ಲಗ್ಗಿಂದ ಎರಡು ವೈರ್ ಎಳೆದ್ರೆ ಆಗಲ್ವಾ?" ಅಂದ ಬಣ್ಣಗಾರ.

"ಭಾವ! ಮಗಳಿಗೆ ಕಾಲಿಲ್ಲದ್ದು ಸಾಲದು ಅಂತ ಅಪ್ಪನೂ ಇಲ್ಲದ ಹಾಗೆ ಮಾಡ್ತೀರಾ? ಒದ್ದೆ ಬಚ್ಚಲಲ್ಲಿ ಮನೆ ಕರೆಂಟು ಹಿಡಿದ್ರೆ ನಿಮ್ಮನ್ನ ಬಕೆಟ್ ಸಮೇತ ಹೊತ್ತುಕೊಂಡು ಹೋಗಬೇಕಾಗುತ್ತೆ. ಅದಕ್ಕೇ ಅಂತ ಪವರ್ ಸಪ್ಲೈ ಡಬ್ಬ ಬರುತ್ತೆ, ಮೇಜಿನ ಮೇಲಿಡೋದು. ಗುಂಡಿ ತಿರುಗಿಸಿದಷ್ಟೇ ವೋಲ್ಟ್ ಕೊಡುತ್ತೆ. ನಡೀರಿ, ಅಂಗಡಿಗೆ ಹೋಗೋಣ."

ದಾರಿಯಲ್ಲಿ ಭಾವಮೈದ ಫೋನಿನಲ್ಲಿ ಬಣ್ಣದ ಪಟ್ಟಿಯೊಂದನ್ನು ತೆಗೆದು ತೋರಿಸಿದ. ಹತ್ತು ಹನ್ನೆರಡು ವೋಲ್ಟಿಗೆ ಹೊಂಬಣ್ಣ. ಇಪ್ಪತ್ತರ ಆಸುಪಾಸಿನಲ್ಲಿ ಚೂರೇ ಚೂರು ಕಡು ನೇರಳೆ. ಇಪ್ಪತ್ತೈದಕ್ಕೆಲ್ಲ ನೀಲಿ. ಆಮೇಲೆ ನೀಲಿ ಬಿಳಿಚಿಕೊಂಡು, ಹಳದಿಯಾಗಿ, ಗುಲಾಬಿಯಾಗಿ, ಎಪ್ಪತ್ತೈದು ದಾಟಿದ ಮೇಲೆ ಇನ್ನೊಂದು ನೇರಳೆ, ಸ್ವಲ್ಪ ತಿಳಿಯಾದದ್ದು. ನೂರು ದಾಟಿದರೆ ಹಸಿರು.

ಅಂಗಡಿಯ ಕಪಾಟಿನಲ್ಲಿ ಡಬ್ಬಗಳು ಸಾಲಾಗಿ ಕೂತಿದ್ದವು. ನೂರಿಪ್ಪತ್ತು ವೋಲ್ಟಿನದರ ಬೆಲೆ ಕೇಳಿ ಬಣ್ಣಗಾರ ಅದರ ಮೇಲಿಟ್ಟಿದ್ದ ಕೈಯನ್ನು ತೆಗೆದುಬಿಟ್ಟ. ಅವನ ಕೈಗೆಟುಕುವುದು ಮೂವತ್ತು ವೋಲ್ಟಿನದು. ಅದರಲ್ಲೂ ಒಂದೇ ಬೆಲೆಗೆ ಎರಡು. ಒಂದರಲ್ಲಿ ವೋಲ್ಟಿಗೆ ಎರಡು ಗುಂಡಿ, ದೊಡ್ಡದು ಜಾಸ್ತಿ ಕಮ್ಮಿ ಮಾಡಲಿಕ್ಕೆ, ಚಿಕ್ಕದು ಕೂದಲೆಳೆಯಷ್ಟು ಸರಿಮಾಡಲಿಕ್ಕೆ. ಆದರೆ ಹರಿಯುವ ಕರೆಂಟು ಮೂರೇ ಆಂಪ್ಸ್. ಇನ್ನೊಂದರಲ್ಲಿ ಒಂದೇ ಗುಂಡಿ, ಹತ್ತು ಆಂಪ್ಸ್.

"ಹತ್ತರದ್ದು ತಗೊಳ್ಳಿ ಅಣ್ಣ, ಒಳ್ಳೆ ದಮ್ಮಿದೆ," ಅಂದ ಅಂಗಡಿಯವನು.

"ಈ ಕೆಲಸಕ್ಕೆ ದಮ್ಮು ಬೇಡ ಭಾವ," ಅಂದ ಭಾವಮೈದ. "ಪದರ ಎದ್ದ ಮೇಲೆ ಕರೆಂಟು ತಾನಾಗೇ ಇಳಿದುಹೋಗುತ್ತೆ. ಕಮ್ಮಿ ಇದ್ರೆ ಒಂದು ನಿಮಿಷ ಜಾಸ್ತಿ ಹಿಡಿಯುತ್ತೆ, ಅಷ್ಟೇ. ಬೇಕಾಗಿರೋದು ಹದ. ಎರಡು ಗುಂಡಿದು ತಗೊಳ್ಳಿ."

"ಬಣ್ಣದ ರಸ ತೆಳುವಾಗಿದ್ರೆ ನೂಲಿಗೆ ಕೂರಲ್ಲ ಕಣಯ್ಯಾ. ತೊಟ್ಟಿ ಯಾವತ್ತೂ ಖಡಕ್ಕಾಗಿರಬೇಕು. ಹದ ನೋಡೋಕೆ ನನ್ನ ಕಣ್ಣಿಲ್ವಾ? ಗುಂಡಿ ಕಟ್ಕೊಂಡು ಏನು ಮಾಡ್ಲಿ?"

"ಇದು ತೊಟ್ಟಿ ಅಲ್ಲ ಭಾವ..."

"ನಿನಗೆ ಮಿಕ್ಸಿ ಗೊತ್ತು, ನನಗೆ ಬಣ್ಣ ಗೊತ್ತು. ಸುಮ್ಮನಿರು."

ಭಾವಮೈದ ಸುಮ್ಮನಾದ. ಇಂಥ ಹೊತ್ತಿನಲ್ಲಿ ಸುಮ್ಮನಾಗುವ ಒಳ್ಳೆಯವರಿಂದಲೇ ಎಷ್ಟೋ ಮನೆಗಳು ಹಾಳಾಗಿವೆ, ಇರಲಿ. ಬಣ್ಣಗಾರ ದಮ್ಮಿರುವ ಡಬ್ಬವನ್ನು ಎದೆಗವಚಿಕೊಂಡು ಮನೆಗೆ ಬಂದ.

ರಜೆಯ ದಿನ ಬೆಳಿಗ್ಗೆ ಬಚ್ಚಲು ಮನೆಯಲ್ಲಿ ಕೆಲಸ ಶುರುವಾಯಿತು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸೋಡಾ ಕದಡಿದ ನೀರು. ಒಂದು ಬದಿಗೆ ಸ್ಟೀಲಿನ ತಗಡು, ಅದಕ್ಕೆ ಕಪ್ಪು ತಂತಿ. ಕೆಂಪು ತಂತಿಯ ಕ್ಲಿಪ್ಪು ತುಣುಕಿಗೆ. ಡಬ್ಬ ಬಾಗಿಲಾಚೆ ಸ್ಟೂಲಿನ ಮೇಲೆ, ಕೈಗೆ ಕಾರ್ಖಾನೆಯ ರಬ್ಬರ್ ಗವಸು. ಹೆಂಡತಿ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಬಟ್ಟೆ ಹೊಲಿಯುವವಳು, ಒಳಗೆ ಅರ್ಧ ಹೊಲಿದ ಕೆಲಸ ಬಿಟ್ಟು ಬಂದಿದ್ದಳು.

ಗುಂಡಿ ತಿರುಗಿಸಿದ. ತುಣುಕಿನ ಮೈ ಹೊಂಬಣ್ಣಕ್ಕೆ ತಿರುಗಿತು, ಕಂದಾಯಿತು, ನೋಡನೋಡುತ್ತಿದ್ದ ಹಾಗೆ ಕಡು ನೇರಳೆಯಾಯಿತು. ಇಪ್ಪತ್ತೊಂದು ವೋಲ್ಟ್. ತೆಗೆದು ಒರೆಸಿದ. ಎಂಥ ನೇರಳೆ ಅಂತೀರಿ! ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಕ್ಕಳ ಹಾಗೆ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಆಮೇಲೆ ಕೊಳವೆ. ಒಂದು ತುದಿಯ ಸ್ವಲ್ಪ ಭಾಗ ಹೇಗೂ ಬಟ್ಟಲಿನ ಹಿಡಿಕೆಯೊಳಗೆ ಮುಚ್ಚಿಹೋಗುವುದು, ಅಲ್ಲಿಗೆ ಕ್ಲಿಪ್ಪು ಸಿಕ್ಕಿಸಿ ಉಳಿದದ್ದನ್ನು ಇಳಿಬಿಟ್ಟ. ಹೊಂಬಣ್ಣ. ಕಂದು. ನೇರಳೆ. ಇಪ್ಪತ್ತೊಂದು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿದೇ ಹೋಗುತ್ತಿತ್ತು.

ನಿಲ್ಲಿಸಲಿಲ್ಲ. ಯಾಕೆಂದರೆ ನೂಲು ಒದ್ದೆಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದಾಗ ಇಳಿಯುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಯೇ ತೊಟ್ಟಿಯಿಂದ ತೆಗೆಯಬೇಕು, ಇದು ಬಣ್ಣದ ಕಾರ್ಖಾನೆಯಲ್ಲಿ ಕೂಸಿಗೂ ಗೊತ್ತು. ತುಣುಕು ಒಣಗಿದ ಮೇಲೂ ಹಾಗೇ ಇದ್ದದ್ದನ್ನು ಕಣ್ಣಾರೆ ನೋಡಿದ್ದ. ಆದರೆ ಅಷ್ಟು ವರ್ಷಗಳ ಕೈ ಕೇಳಬೇಕಲ್ಲ! ಒಣಗಿದ ಮೇಲೆ ತಿಳಿಯಾದರೆ ಮಗಳು ಇದು ನೇರಳೆಯಲ್ಲ ಅಂದುಬಿಟ್ಟರೆ? ಇನ್ನೊಂದು ಚೂರು, ಎಂದುಕೊಂಡು ಗುಂಡಿ ಮುಟ್ಟಿದ. ಒಂದೇ ಗುಂಡಿ, ಅಂಕಿ ಒಮ್ಮೆಲೇ ಇಪ್ಪತ್ತಾರಕ್ಕೆ ಹಾರಿತು. ನೀಲಿ ಕೆಳಗಿನಿಂದ ಮೇಲಕ್ಕೆ ಹರಿದುಬಂತು.

ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ, ಇಪ್ಪತ್ತೊಂದು, ಹತ್ತು, ಸೊನ್ನೆ. ಅಂಕಿ ಹಿಂದೆ ಬಂತು, ಬಣ್ಣ ಬರಲಿಲ್ಲ. ಎದ್ದ ಪದರ ಎದ್ದೇ ಇರುತ್ತದೆ. ತೊಟ್ಟಿಯಲ್ಲಾದರೆ ಬಣ್ಣ ಹೆಚ್ಚಾದರೆ ಕುದಿಸಿ ಇಳಿಸಬಹುದು, ಇಲ್ಲಿ ಅದೂ ಇಲ್ಲ.

"ಆಯ್ತಾ?" ಅಂದಳು ಹೆಂಡತಿ.

"ನೀಲಿಯಾಯ್ತು ಕಣೇ." ಒದ್ದೆ ನೆಲದ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ.

ಒಳಕೋಣೆಯಿಂದ ಹುಡುಗಿಯ ದನಿ ಬಂತು. "ಆಗ್ಲಿಲ್ವಾ ಅಪ್ಪ?" ಆ ದನಿಯಲ್ಲಿ ಏನೋ ಹಗುರಾದಂತಿತ್ತು. ಅಪ್ಪನಿಗೆ ಅದು ಕೇಳಿಸಲಿಲ್ಲ. ಅವನ ಕಿವಿಯ ತುಂಬ ಅವನದೇ ಗೋಳು.

"ನೀಲಿನೂ ಚೆನ್ನಾಗೇ ಇದೆ, ತೋರಿಸಿ ನೋಡೋಣ," ಎಂದು ಹೆಂಡತಿ ಒತ್ತಾಯ ಮಾಡಿದಳು. ಇಬ್ಬರೂ ಹೋಗಿ ತೋರಿಸಿದರು. ಹುಡುಗಿ ಅರೆಗಣ್ಣು ಬಿಟ್ಟಳು. "ಇದು ನೇರಳೆನಾ?" ಅಂದಳು. ಮತ್ತೆ ಗೋಡೆಗೆ ತಿರುಗಿದಳು.

ಅದೇ ವಾರ ಮೇಷ್ಟ್ರು ಮನೆಗೆ ಬಂದು ಮಂಡಿ ಹಿಡಿದು ನೀವಿದರು, ಒತ್ತಿದರು. ಪೂರ್ತಿ ಚಾಚಿಕೊಳ್ಳಲಿಲ್ಲ. ಹುಡುಗಿ ಕಿಟಾರನೆ ಕಿರುಚಿದಳು. ಹೊರಗೆ ಬಂದ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ, "ಬಿಗಿಯೋಕೆ ಶುರುವಾಗಿದೆ. ಈಗಲಾದ್ರೆ ನಿಂತು ನಿಂತೇ ಸಡಿಲ ಮಾಡಬಹುದು. ಇನ್ನು ತಡ ಮಾಡಿದ್ರೆ ನನ್ನ ಕೈಲಿಲ್ಲ ಕಣ್ರೀ," ಅಂದರು.

ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿ ಅವನ ಮೇಲೆ ಹರಿಹಾಯ್ದಳು. "ಬಣ್ಣ ಬಣ್ಣ ಅಂತ ಬಚ್ಚಲಲ್ಲೇ ಬಿದ್ದಿರ್ತೀರಲ್ಲ, ಅವಳ ಪಕ್ಕ ಎಷ್ಟು ಹೊತ್ತು ಕೂತಿದ್ದೀರಿ ಹೇಳಿ? ಒಂದು ದಿನ ಕೂತಿದ್ದೀರಾ?"

"ಕೂತು ಏನು ಹೇಳ್ಲಿ?"

"ಏನೂ ಹೇಳ್ಬೇಡಿ. ಕೂತ್ಕೊಳ್ಳಿ ಸಾಕು."

"ನನಗೆ ಬರೋದು ಇದೊಂದೇ ಕಣೇ. ಅವಳು ಬಾಯ್ಬಿಟ್ಟು ಕೇಳಿರೋದೂ ಇದೊಂದೇ. ಅದನ್ನೂ ಕೆಡಿಸಿ ಕೂತಿದ್ದೀನಿ." ಪದರ ಉಜ್ಜಿ ತೆಗೆಯಬಲ್ಲ ಉಪ್ಪುಕಾಗದ ಬಚ್ಚಲ ಗೂಡಿನಲ್ಲೇ ಇತ್ತು. ಅದನ್ನು ಕೈಗೆ ತೆಗೆದುಕೊಳ್ಳುವುದು, ಕೊಳವೆಯ ಮೇಲೆ ಇಡುವುದು, ಮೇಷ್ಟ್ರ ಮಾತು ನೆನೆದು ಮತ್ತೆ ಗೂಡಿಗೇ ಇಡುವುದು, ಎರಡು ದಿನ ಇದೇ ಆಯಿತು. ನಡುದಾರಿಯಲ್ಲಿ ಕೊಳವೆ ಮುರಿದು ಮಗಳು ಬಿದ್ದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ದಾರಿ ತೋರಿಸಿದವನು ಭಾವಮೈದ. "ಹಿಂದೆ ಹೋಗೋಕಾಗಲ್ಲ ಭಾವ, ಒಪ್ಪಿದೆ. ಮುಂದೆ ಹೋಗಬಹುದಲ್ಲ? ಮೇಲೊಂದು ನೇರಳೆ ಇದೆ ಅಂದಿದ್ದೆನಲ್ಲ, ಎಪ್ಪತ್ತೈದರ ಮೇಲೆ."

"ನಮ್ಮ ಡಬ್ಬ ಮೂವತ್ತಕ್ಕೇ ಸುಸ್ತಾಗುತ್ತಲ್ಲಯ್ಯಾ. ದೊಡ್ಡದು ತಗೊಳ್ಳೋಕೆ ನಾನೆಲ್ಲಿಗೆ ಹೋಗ್ಲಿ?"

"ತಗೊಳ್ಳಿ ಅಂದವರು ಯಾರು? ನನ್ನ ಅಂಗಡೀಲಿ ಯುಪಿಎಸ್ ಬ್ಯಾಟರಿ ಬಿದ್ದಿದಾವೆ, ಹನ್ನೆರಡು ಹನ್ನೆರಡು ವೋಲ್ಟಿನವು. ಐದನ್ನ ಒಂದರ ಬಾಲಕ್ಕೆ ಒಂದು ಕಟ್ಟಿದ್ರೆ ಅರವತ್ತು ದಾಟುತ್ತೆ. ಅದರ ಬಾಲಕ್ಕೇ ಡಬ್ಬನೂ ಕಟ್ಟಿದ್ರೆ ಇನ್ನೊಂದು ಮೂವತ್ತು, ಬೇಕಾದಷ್ಟೇ ಏರಿಸಿಕೊಳ್ಳಬಹುದು. ಆದರೆ ಈ ಒಂಟಿಗುಂಡಿ ಗೂಳಿ ಬೇಡ. ಹೋಗಿ ಬದಲಾಯಿಸ್ಕೊಂಡು ಬನ್ನಿ. ಈ ಸಲನಾದ್ರೂ ನನ್ನ ಮಾತು ಕೇಳಿ, ಕೈ ಮುಗೀತೀನಿ."

ಬಣ್ಣಗಾರ ಕೇಳಿದ. ಅಂಗಡಿಯವನು "ಒಂದ್ಸಲ ಮಾರಿದ್ದು ಹಿಂದೆ ತಗೊಳ್ಳಲ್ಲ" ಎಂದು ಮುಖ ಗಂಟು ಹಾಕಿಕೊಂಡ. ಆಗ ಬಣ್ಣಗಾರ ಕಾರ್ಖಾನೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಿದ. ಇದು ನನ್ನ ಮಗಳ ಕಾಲಿಗೆ, ಅಂದ. ಹೇಳುತ್ತಾ ಹೇಳುತ್ತಾ, ಅಷ್ಟು ಗಿರಾಕಿಗಳ ನಡುವೆ, ಕಣ್ಣಲ್ಲಿ ನೀರು ಬಂತು. ಅಂಗಡಿಯವನು ಎರಡು ಗುಂಡಿಯದನ್ನು ಕಪಾಟಿನಿಂದ ಇಳಿಸಿ ಕೊಟ್ಟ.

ಮತ್ತೆ ಬಚ್ಚಲು, ಮತ್ತೆ ಬಕೆಟ್ಟು. ಬಾಗಿಲಾಚೆ ಐದು ಬ್ಯಾಟರಿ ಸಾಲಾಗಿ ಕೂತವು. ಭಾವಮೈದ ತಂತಿಯ ನಡುವೆ ಒಂದು ಸ್ವಿಚ್ಚು ಸೇರಿಸಿ, ಇದು ಆನ್ ಆಗಿರುವಾಗ ಯಾರೂ ನೀರಿಗೆ ಬೆರಳು ಹಾಕಕೂಡದು ಎಂದು ಗದರಿದ. ಆ ಸ್ವಿಚ್ಚನ್ನು ಬಣ್ಣಗಾರ ಹೆಂಡತಿಯ ಕೈಗೆ ಕೊಟ್ಟ.

"ಕೇಳಿಲ್ಲಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ. ನಾನು ಯಾವಾಗ ಇನ್ನೊಂದು ಚೂರು ಅಂತೀನೋ ಆವಾಗ ನೀನು ಆರಿಸಿಬಿಡು. ನಾನು ಬೈದ್ರೂ ಆರಿಸು."

"ಬೈದು ನೋಡಿ," ಅಂದಳು ಅವಳು.

ಸ್ವಿಚ್ಚು ಹಾಕಿದ್ದೇ ನೀಲಿ ಬಿಳಿಚಿಕೊಂಡಿತು, ಹಳದಿಗೆ ತಿರುಗಿತು. ಬಣ್ಣಗಾರ ದೊಡ್ಡ ಗುಂಡಿ ಬಿಟ್ಟು ಚಿಕ್ಕದನ್ನು ಹಿಡಿದ. ಹಳದಿ ಕೆಂಪಡರಿ ಗುಲಾಬಿಯಾಯಿತು. ಭಾವಮೈದ ಮೀಟರು ಹಿಡಿದು ಅಂಕಿ ಕೂಗುತ್ತಿದ್ದ. ಎಪ್ಪತ್ತು. ಎಪ್ಪತ್ತೆರಡು. ಗುಲಾಬಿ ಗಾಢವಾಯಿತು. ಎಪ್ಪತ್ತೈದು. ಕೊಳವೆಯ ತುದಿಯಿಂದ ನೇರಳೆ ಏರತೊಡಗಿತು. ಎಪ್ಪತ್ತಾರು, ಎಪ್ಪತ್ತೇಳು. ಪೂರ್ತಿ ನೇರಳೆ. ಒಣಗಿದ ಮೇಲೆ ಇಳಿದರೆ?

"ಇನ್ನೊಂದು..."

ಟಕ್ ಎಂದಿತು.

"ಏಯ್, ಯಾಕೆ ಆರಿಸ್ದೆ? ಇನ್ನೊಂದು ಚೂರು ಇತ್ತು!"

"ನೀವೇ ಹೇಳಿದ್ದು," ಅಂದಳು ಅವಳು.

ತೆಗೆದು, ತೊಳೆದು, ಒರೆಸಿದರು. ನೇರಳೆ. ಬೆಳಕಿಗೆ ಹಿಡಿದರೂ ನೇರಳೆ, ನೆರಳಿಗೆ ಹಿಡಿದರೂ ನೇರಳೆ. ಬಣ್ಣಗಾರ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಗವಸನ್ನೂ ಬಿಚ್ಚದೆ, ಮಗಳ ಕೋಣೆಗೆ ಓಡಿದ.

ಹುಡುಗಿ ನೋಡಿದಳು. ಎದ್ದು ಕೂತಳು. ಅವಳ ಮುಖ ಅರಳುತ್ತದೆ ಅಂತ ಅಪ್ಪ ಕಾದಿದ್ದ, ಬಾಗಿಲಲ್ಲಿ ನಿಂತ ಅಮ್ಮ ಮಾವ ಇಬ್ಬರೂ ಕಾದಿದ್ದರು. ಮುಖ ಅರಳಲಿಲ್ಲ, ಬಿಳಿಚಿಕೊಂಡಿತು.

"ಆಗಲ್ಲ ಅಂತ ಗೊತ್ತಿದ್ದೇ ಹೇಳಿದ್ದು ನಾನು," ಅಂದಳು. "ಪೈಪಿಗೆ ಯಾರಾದ್ರೂ ಬಣ್ಣ ಹಾಕ್ತಾರಾ ಅಪ್ಪ? ಆಗಲ್ಲ ಅಂತಾನೇ ಹೇಳಿದ್ದು. ಈಗ ಇನ್ನೇನು ಹೇಳ್ಲಿ ನಾನು?" ಬಾಯಿಗೆ ಹೊದಿಕೆ ತುರುಕಿಕೊಂಡು ಅಳತೊಡಗಿದಳು.

ತಾನು ಕಿತ್ತುಕೊಂಡದ್ದು ಮಗಳ ಕೊನೆಯ ನೆಪವನ್ನು ಅಂತ ಬಣ್ಣಗಾರನಿಗೆ ಆಗ ಹೊಳೆಯಿತು. ಗವಸು ಬಿಚ್ಚಿದ. ಮಂಚದ ಮೇಲೆ, ಅವಳ ಪಕ್ಕದಲ್ಲಿ, ಕಾಲಿಲ್ಲದ ಕಡೆಗೇ ಕೂತ. ಅವಳ ಅಳು ಇಳಿಯುವ ತನಕ ಕೂತೇ ಇದ್ದ.

"ಬೀಳ್ತೀನಿ," ಅಂದಳು ಅವಳು ಕೊನೆಗೆ. "ಎಲ್ಲರ ಮುಂದೆ ಬೀಳ್ತೀನಿ ಅಪ್ಪ."

"ಬೀಳ್ತೀಯ," ಅಂದ ಅವನು. ಸುಳ್ಳು ಹೇಳಲು ಅವನಿಗೆ ಶಕ್ತಿ ಉಳಿದಿರಲಿಲ್ಲ.

ಮರುದಿನ ಅವಳಾಗಿಯೇ ಹೊರಟಳು. ಕೊಟ್ಟ ಮಾತಿಗಾಗಿ ಹೊರಟಳೋ, ಅಪ್ಪನ ಮುಖ ನೋಡಲಾರದೆ ಹೊರಟಳೋ ಹೇಳುವುದು ಕಷ್ಟ. ಮೇಷ್ಟ್ರ ಕೋಣೆಯಲ್ಲಿ ಹಿಡಿದುಕೊಂಡು ನಡೆಯಲು ಎರಡು ಕಡೆಯೂ ಕಂಬಿ ಇತ್ತು, ಕಾಲು ಹಾಕಿಸಿಕೊಳ್ಳಲು ಬಂದ ಬೇರೆಯವರೂ ಕೂತಿದ್ದರು. ಅವರು ಕೊಳವೆಯ ಬಣ್ಣ ನೋಡಿ ಹುಬ್ಬೇರಿಸಿ, ಶಭಾಷ್ ಎಂದು ಜೋಡಿಸಿ, ಕಾಲು ತೊಡಿಸಿದರು. ಹುಡುಗಿ ಕಂಬಿ ಹಿಡಿದು ಎದ್ದಳು. ಮಂಡಿ ನೋವಿಗೆ ತುಟಿ ಕಚ್ಚಿಕೊಂಡಳು. ನಿಂತಳು. ಆದರೆ ಹೊಸ ಕಾಲಿನ ಕಡೆಗೆ ವಾಲಿ ನಿಂತಳು.

ಮೇಷ್ಟ್ರು ನೆಲಕ್ಕೆ ಬಗ್ಗಿ ನೋಡಿದರು, ಸೊಂಟದ ಎರಡೂ ಬದಿಗೆ ಕೈಯಿಟ್ಟು ನೋಡಿದರು. ಬಣ್ಣಗಾರನೂ ಪಕ್ಕದಲ್ಲಿ ಬಗ್ಗಿದ. "ಮಂಡಿನಾ ಮೇಷ್ಟ್ರೇ?" ಅಂದ.

"ಮಂಡಿ ಸ್ವಲ್ಪ ಇದೆ, ಅದು ಸಡಿಲ ಆಗುತ್ತೆ. ಇದು ಬೇರೆ. ಪೈಪು ಸಾಲ್ತಿಲ್ಲ. ಅಳತೆ ತೆಗೆದು ತಿಂಗಳುಗಟ್ಟಲೆ ಆಯ್ತಲ್ಲ." ಅವರು ತಲೆಯೆತ್ತಿ ನಕ್ಕರು. "ಹುಡುಗಿ ಬೆಳೆದಿದಾಳೆ ಕಣ್ರೀ."

ಬೆಳೆದಿದ್ದಾಳೆ. ಒಂದು ವರ್ಷದಿಂದ ಆ ಅಪ್ಪ ಅಮ್ಮ ಕೇಳಿದ್ದೆಲ್ಲ ಇಳಿದಿದೆ, ಕಡಿಮೆಯಾಗಿದೆ, ತೆಗೆಯಬೇಕು ಎನ್ನುವ ಮಾತೇ. ಅಮ್ಮ ಗೋಡೆಗೊರಗಿ ಸೆರಗನ್ನು ಮುಖಕ್ಕೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬಣ್ಣಗಾರ ಮಗಳನ್ನೇ ನೋಡಿದ. ಅವನ ಭುಜಕ್ಕೆ ಬರುತ್ತಿದ್ದವಳು ಈಗ ಗಲ್ಲದ ಹತ್ತಿರಕ್ಕೆ ಬಂದಿದ್ದಳು. ಮಲಗಿದ್ದವಳ ಎತ್ತರ ಯಾರು ನೋಡಿದ್ದರು?

"ಬೇರೆ ಪೈಪು ಕತ್ತರಿಸಬೇಕು," ಅಂದರು ಮೇಷ್ಟ್ರು, ಬಣ್ಣಗಾರನ ಕಡೆ ಕನಿಕರದಿಂದ ನೋಡುತ್ತಾ. "ಇದನ್ನ ಉದ್ದ ಮಾಡೋಕಂತೂ ಆಗಲ್ಲ. ಹೊಸದಕ್ಕೂ ಬಣ್ಣ ಹಾಕಿಸ್ಕೊಂಡು ಬರ್ತೀರಾ? ಇಲ್ಲಾ..."

ಬಣ್ಣಗಾರ, ಹಾಕ್ತೀನಿ, ಇವತ್ತೇ ಹಾಕ್ತೀನಿ, ಅನ್ನಲು ಬಾಯಿ ತೆರೆದ.

"ಬೇಡ," ಅಂದಳು ಹುಡುಗಿ. ಕಂಬಿ ಹಿಡಿದ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. "ಹಾಗೇ ಹಾಕಿ. ಈಗಲೇ ಹಾಕಿ. ಆಮೇಲೆ ಅಂದ್ರೆ ನನಗೆ ಧೈರ್ಯ ಹೋಗುತ್ತೆ."

ಮೇಷ್ಟ್ರು ಕತ್ತರಿಸಿ ಜೋಡಿಸಿದರು. ಬರೀ ಬೂದು ಬಣ್ಣದ, ನಲ್ಲಿ ಪೈಪಿನಂಥದ್ದೇ ಕೊಳವೆ. ಹುಡುಗಿ ಈ ಸಲ ನೆಟ್ಟಗೆ ನಿಂತಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಕಂಬಿ ಬಿಟ್ಟು ಮತ್ತೊಂದಕ್ಕೆ ಕಾಲೆತ್ತಿದಳು. ದಡಾರನೆ ಬಿದ್ದಳು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಣ್ಣಗಾರ ಅಯ್ಯೋ ಎಂದು ಕಂಬಿಯಡಿ ನುಗ್ಗಿ ಎರಡೂ ಕೈ ಚಾಚಿದ.

"ಮುಟ್ಬೇಡ ಅಪ್ಪ! ನಾನೇ ಏಳ್ತೀನಿ."

ಅವನು ಮುಟ್ಟಲಿಲ್ಲ. ಅವಳು ಏಳುವವರೆಗೂ ಅಲ್ಲೇ, ಅವಳ ಪಕ್ಕದಲ್ಲಿ, ನೆಲದ ಮೇಲೆ ಕೂತಿದ್ದ.